ಮೆಲನೋಮದ ಜೀನೋಮ್: ಓದಿದ್ದೆಷ್ಟು, ಮುಂಗಾಣಬಹುದಾದದ್ದೆಷ್ಟು

ಚರ್ಮದ ಕ್ಯಾನ್ಸರ್‌ಗಳಲ್ಲಿ ಮೆಲನೋಮದ ಪಾಲು ಸಣ್ಣದು, ಅದರ ಸ್ವಭಾವ ಮಾತ್ರ ಕ್ರೂರ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಎಂಬ ಕೋಶಗಳಲ್ಲಿ ಹುಟ್ಟುವ ಈ ರೋಗ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 3,25,000 ಜನರಲ್ಲಿ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 57,000 ಜನ ಇದರಿಂದ ತೀರಿಕೊಂಡರು. ಗಡ್ಡೆ ಚರ್ಮದ ಮೇಲ್ಪದರದಲ್ಲೇ ಇರುವಾಗ ಕತ್ತರಿಸಿ ತೆಗೆದರೆ ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ. ಶ್ವಾಸಕೋಶ, ಯಕೃತ್ತು, ಮೆದುಳಿಗೆ ಹರಡಿದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಬಲು ಕಷ್ಟ. ಆದ್ದರಿಂದ ಗಡ್ಡೆ ತೆಗೆದ ದಿನದಿಂದಲೇ ರೋಗಿಯನ್ನೂ ವೈದ್ಯರನ್ನೂ ಕಾಡುವ ಪ್ರಶ್ನೆ ಒಂದೇ: ಇದು ಇಲ್ಲಿಗೇ ಮುಗಿಯಿತೆ, ಮರಳಿ ಬರುತ್ತದೆಯೆ? ಈ ಪ್ರಶ್ನೆಗೆ ಅರ್ಧ ಶತಮಾನದಿಂದ ಉತ್ತರ ಕೊಡುತ್ತಿರುವುದು ಒಂದು ಸರಳ ಅಳತೆ. ಗಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಸೂಕ್ಷ್ಮದರ್ಶಕದಡಿ ಮಿಲಿಮೀಟರಿನಲ್ಲಿ ಅಳೆದರೆ ಮುಂದಿನ ಅಪಾಯವನ್ನು ಅಂದಾಜಿಸಬಹುದು ಎಂದು 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿದರು. ಒಂದು ಮಿಲಿಮೀಟರಿಗಿಂತ ತೆಳುವಾದ ಗಡ್ಡೆಗೆ ಅಪಾಯ ಕಡಿಮೆ, ನಾಲ್ಕು ಮಿಲಿಮೀಟರ್ ದಾಟಿದ್ದಕ್ಕೆ ಹೆಚ್ಚು. ಗಡ್ಡೆಯ ಮೇಲೆ ಹುಣ್ಣಾಗಿದೆಯೆ, ಹತ್ತಿರದ ದುಗ್ಧಗ್ರಂಥಿಗೆ ಕ್ಯಾನ್ಸರ್ ಕೋಶಗಳು ತಲುಪಿವೆಯೆ ಎಂಬ ಸಂಗತಿಗಳೂ ಇದಕ್ಕೆ ಸೇರಿ ಇವತ್ತಿನ ಹಂತ-ವಿಂಗಡಣೆ ರೂಪುಗೊಂಡಿದೆ.

ಈ ವಿಂಗಡಣೆ ಗುಂಪಿನ ಬಗ್ಗೆ ಸರಿಯಾಗಿಯೇ ಹೇಳುತ್ತದೆ, ವ್ಯಕ್ತಿಯ ಬಗ್ಗೆ ಹೇಳುವಾಗ ತಡವರಿಸುತ್ತದೆ. ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಮೊದಲ ಹಂತದಲ್ಲಿ ಪತ್ತೆಯಾದವರಲ್ಲಿ ಶೇ 98ರಷ್ಟು ಮಂದಿ ಐದು ವರ್ಷಗಳ ನಂತರವೂ ಮೆಲನೋಮದಿಂದ ಸಾಯದೆ ಉಳಿದಿರುತ್ತಾರೆ. ಅದೇ ಪಟ್ಟಿಯಲ್ಲಿ ಒಂದು ವೈಚಿತ್ರ್ಯವೂ ಇದೆ. ದುಗ್ಧಗ್ರಂಥಿಗೆ ತಲುಪಿಲ್ಲದ, ಆದರೆ ದಪ್ಪವಾಗಿ ಹುಣ್ಣಾದ 2ಸಿ ಹಂತದ ಗಡ್ಡೆಯವರಲ್ಲಿ ಐದು ವರ್ಷ ಉಳಿಯುವವರು ಶೇ 82. ಗ್ರಂಥಿಗೆ ಆಗಲೇ ತಲುಪಿರುವ 3ಎ ಹಂತದವರಲ್ಲಿ ಶೇ 93. ಅಂದರೆ ಹಂತದ ಸಂಖ್ಯೆ ಏರಿದಂತೆ ಅಪಾಯವೂ ಏರಲೇಬೇಕೆಂದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಕಳವಳಕಾರಿಯಾದದ್ದನ್ನು ಮುಂದಿಟ್ಟಿತು: ಅಲ್ಲಿ ನಾಲ್ಕು ಮಿಲಿಮೀಟರಿಗಿಂತ ದಪ್ಪನೆಯ ಗಡ್ಡೆಗಳಿಂದ ಸತ್ತವರಿಗಿಂತ ಒಂದು ಮಿಲಿಮೀಟರಿನೊಳಗಿನ ತೆಳು ಗಡ್ಡೆಗಳಿಂದ ಸತ್ತವರೇ ಹೆಚ್ಚು. ತೆಳು ಗಡ್ಡೆ ಅಪಾಯಕಾರಿಯಾಗುವುದು ಅಪರೂಪವಾದರೂ ಅಂಥ ಗಡ್ಡೆ ಇರುವವರ ಸಂಖ್ಯೆ ಅಷ್ಟು ದೊಡ್ಡದು. ಅಪಾಯ ಕಡಿಮೆ ಎಂದು ಮನೆಗೆ ಕಳುಹಿಸಿದವರಲ್ಲಿ ಯಾರಿಗೆ ರೋಗ ಮರಳುತ್ತದೆ ಎಂದು ಮಿಲಿಮೀಟರಿನ ಲೆಕ್ಕ ಹೇಳಲಾರದು. ಗಡ್ಡೆಯ ಡಿಎನ್‌ಎಯನ್ನೇ ಓದಿದರೆ ಹೇಳಬಹುದೇನೋ ಎಂಬ ಭರವಸೆ ಹುಟ್ಟಿದ್ದು ಈ ಕೊರತೆಯಿಂದ.

ಕಳೆದ ಎರಡು ದಶಕಗಳಲ್ಲಿ ಆ ಭರವಸೆ ಎಷ್ಟರಮಟ್ಟಿಗೆ ಈಡೇರಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ವಾದ ಇದು. ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ವಿಧಾನವು ಮೆಲನೋಮ ಎಂದರೇನು, ಅದು ಯಾಕೆ ಬರುತ್ತದೆ, ಅದರಲ್ಲಿ ಎಷ್ಟು ಬಗೆ, ಯಾವ ಬಗೆಗೆ ಯಾವ ಔಷಧ ಎಂಬ ಪ್ರಶ್ನೆಗಳಿಗೆ ಅದ್ಭುತವಾದ ಉತ್ತರಗಳನ್ನು ಕೊಟ್ಟಿದೆ. ‘ಈ ರೋಗಿಗೆ ಮುಂದೇನಾಗುತ್ತದೆ’ ಎಂಬ ಪ್ರಶ್ನೆಗೆ ಅದು ಕೊಟ್ಟಿರುವ ಉತ್ತರ ಮಾತ್ರ, ಒಂದು ಮುಖ್ಯ ಅಪವಾದವನ್ನು ಬಿಟ್ಟರೆ, ದುರ್ಬಲ. ಇದಕ್ಕೆ ಯಂತ್ರಗಳ ಕೊರತೆ ಕಾರಣವಲ್ಲ. ರೋಗದ ಗತಿ ಗಡ್ಡೆಯೊಳಗೆ ಮಾತ್ರ ನಿರ್ಧಾರವಾಗುವುದಿಲ್ಲ. ಗಡ್ಡೆಗೂ ರೋಗಿಯ ರೋಗನಿರೋಧಕ ವ್ಯವಸ್ಥೆಗೂ ನಡುವೆ ದಿನಗಳೆದಂತೆ ನಡೆಯುವ ಸೆಣಸಾಟದಲ್ಲಿ ನಿರ್ಧಾರವಾಗುತ್ತದೆ. ಆದುದರಿಂದ ಯಾವುದೇ ಜೀನ್ ಪರೀಕ್ಷೆಯನ್ನು ಅದು ಎಷ್ಟು ಚೆನ್ನಾಗಿ ಭವಿಷ್ಯ ಹೇಳುತ್ತದೆ ಎಂಬುದರಿಂದ ಅಳೆಯುವುದಕ್ಕಿಂತ, ಯಾವ ಚಿಕಿತ್ಸಾ ನಿರ್ಧಾರವನ್ನು ಬದಲಿಸುತ್ತದೆ, ಆ ಬದಲಾವಣೆಯಿಂದ ರೋಗಿಗೆ ಏನು ಲಾಭ ಎಂಬುದರಿಂದ ಅಳೆಯಬೇಕು.

ಮೊದಲು ಗೆಲುವಿನ ಕಥೆ. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಕ್ಯಾನ್ಸರ್ ಜೀನೋಮ್ ಯೋಜನೆಯ ವಿಜ್ಞಾನಿಗಳು ಬೇರೆ ಬೇರೆ ಕ್ಯಾನ್ಸರ್‌ಗಳ ಡಿಎನ್‌ಎಯಲ್ಲಿ ಬಿ-ರ್ಯಾಫ್ ಎಂಬ ಜೀನನ್ನು ಜಾಲಾಡಿದರು. ಅವರು ನೋಡಿದ ಮೆಲನೋಮಗಳಲ್ಲಿ ಶೇ 66ರಷ್ಟರಲ್ಲಿ ಆ ಜೀನು ಕೆಟ್ಟಿತ್ತು. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಈ ಪ್ರಮಾಣ ಅರ್ಧದಷ್ಟಕ್ಕೆ ಬಂದು ನಿಂತಿತು. ಬಹಳಷ್ಟು ಗಡ್ಡೆಗಳಲ್ಲಿ ದೋಷ ಒಂದೇ ಜಾಗದ್ದು: ಪ್ರೋಟೀನಿನ 600ನೇ ಸ್ಥಾನದಲ್ಲಿರಬೇಕಾದ ವ್ಯಾಲಿನ್ ಎಂಬ ಅಮೈನೊ ಆಮ್ಲದ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ. ಈ ಒಂದು ಬದಲಾವಣೆಯಿಂದ, ಕೋಶಕ್ಕೆ ‘ವಿಭಜಿಸು’ ಎಂದು ಆಜ್ಞೆ ಕೊಡುವ ಸಂಕೇತದ ಸರಣಿ ನಿಲ್ಲದೆ ನಡೆಯತೊಡಗುತ್ತದೆ. ಕೆಟ್ಟ ಪ್ರೋಟೀನನ್ನೇ ಗುರಿಮಾಡಿದ ವೆಮುರಾಫೆನಿಬ್ ಎಂಬ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀನಿನ ದೋಷ ಕಂಡ ಒಂಬತ್ತೇ ವರ್ಷದಲ್ಲಿ ಅದಕ್ಕೆ ಔಷಧ ಬಂದದ್ದು ವೈದ್ಯಕೀಯದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಎಂಬ ಎರಡು ಮಾತ್ರೆಗಳ ಜೋಡಿ ಪಡೆದ, ರೋಗ ಹರಡಿದ್ದ ರೋಗಿಗಳಲ್ಲಿ ಶೇ 34ರಷ್ಟು ಮಂದಿ ಐದು ವರ್ಷದ ನಂತರವೂ ಬದುಕಿದ್ದರು. 2011ಕ್ಕೆ ಮುಂಚೆ ಅಂಥ ಬಹುತೇಕ ರೋಗಿಗಳು ಒಂದು ವರ್ಷ ಕಳೆಯುವುದೇ ಕಷ್ಟವಿತ್ತು.

ರೋಗದ ಕಾರಣವನ್ನೂ ಸೀಕ್ವೆನ್ಸಿಂಗ್ ಬರಹದ ಸಾಕ್ಷ್ಯದಂತೆ ತೆರೆದಿಟ್ಟಿತು. 2010ರಲ್ಲಿ ಅದೇ ಸ್ಯಾಂಗರ್ ಸಂಸ್ಥೆ ಒಬ್ಬ ಮೆಲನೋಮ ರೋಗಿಯ ಗಡ್ಡೆಯಿಂದ ಬೆಳೆಸಿದ ಕೋಶಗಳ ಇಡೀ ಜೀನೋಮನ್ನು ಓದಿ, ಅದೇ ವ್ಯಕ್ತಿಯ ಆರೋಗ್ಯವಂತ ಕೋಶಗಳ ಜೀನೋಮಿನೊಂದಿಗೆ ಹೋಲಿಸಿತು. ಸಿಕ್ಕಿದ್ದು 33,345 ಅಕ್ಷರ ಬದಲಾವಣೆಗಳು. ಅವುಗಳಲ್ಲಿ ಹೆಚ್ಚಿನವು ಸೈಟೊಸಿನ್ ಇದ್ದ ಕಡೆ ಥೈಮಿನ್ ಬಂದಂಥವು. ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎಯಲ್ಲಿ ಉಳಿಸುವ ಗುರುತು ಅದು. ಬಿಸಿಲಿಗೂ ಮೆಲನೋಮಕ್ಕೂ ಸಂಬಂಧವಿದೆ ಎಂದು ಜನಸಂಖ್ಯೆಯ ಅಂಕಿಅಂಶಗಳಿಂದ ಊಹಿಸುತ್ತಿದ್ದ ಕಾಲ ಹೋಗಿ, ಗಡ್ಡೆಯ ಡಿಎನ್‌ಎಯಲ್ಲೇ ಅದನ್ನು ಓದಬಹುದಾದ ಕಾಲ ಬಂತು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತೊಡಕು ಶುರುವಾಗುವುದು ಈ ಬದಲಾವಣೆಗಳ ಪಟ್ಟಿಯನ್ನು ಹಣೆಬರಹವೆಂದು ಓದಲು ಹೊರಟಾಗ.

2003ರಲ್ಲಿ ಬಂದ ಒಂದು ಸಂಶೋಧನೆ ಎಲ್ಲರನ್ನೂ ಎಚ್ಚರಿಸಿತು. ಮೈಮೇಲಿನ ಸಾಧಾರಣ ಮಚ್ಚೆಗಳನ್ನು ಪರೀಕ್ಷಿಸಿದಾಗ ಶೇ 82ರಷ್ಟರಲ್ಲಿ ಅದೇ ಬಿ-ರ್ಯಾಫ್ ದೋಷ ಕಂಡಿತು. ಜೀವನಪೂರ್ತಿ ಏನೂ ಮಾಡದೆ ಇದ್ದುಬಿಡುವ ಮಚ್ಚೆಯಲ್ಲೂ ಕೊಲ್ಲುವ ಗಡ್ಡೆಯಲ್ಲೂ ಒಂದೇ ಮ್ಯುಟೇಶನ್, ಅಂದರೆ ಜೀನಿನ ಬದಲಾವಣೆ. 2015ರಲ್ಲಿ ನಾಲ್ಕು ಜನರ ಕಣ್ಣುರೆಪ್ಪೆಯ ಆರೋಗ್ಯಕರ ಚರ್ಮವನ್ನು ಸೀಕ್ವೆನ್ಸ್ ಮಾಡಿದ ಮತ್ತೊಂದು ತಂಡ, ಅಲ್ಲಿನ ಕೋಶಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕ್ಯಾನ್ಸರಿಗೆ ಕಾರಣವಾಗಬಲ್ಲ ಜೀನ್ ದೋಷಗಳನ್ನು ಹೊತ್ತೇ ಸುಮ್ಮನಿವೆ ಎಂದು ಕಂಡುಕೊಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಹಂಟರ್ ಶೇನ್, ಬೋರಿಸ್ ಬಾಸ್ಟಿಯನ್ ಮತ್ತು ಸಂಗಡಿಗರು 37 ಮೆಲನೋಮಗಳನ್ನೂ ಅವುಗಳ ಪಕ್ಕದಲ್ಲೇ ಉಳಿದಿದ್ದ ಮೂಲ ಮಚ್ಚೆಗಳನ್ನೂ ಬೇರೆ ಬೇರೆಯಾಗಿ ಓದಿ ಬದಲಾವಣೆಗಳ ಕ್ರಮವನ್ನು ಬಿಡಿಸಿಟ್ಟರು. ಮೊದಲು ಬಿ-ರ್ಯಾಫ್ ಅಥವಾ ಎನ್-ರ್ಯಾಸ್. ನಡುವಿನ ಹಂತದಲ್ಲಿ, ಕೋಶಕ್ಕೆ ಮುಪ್ಪು ಬಾರದಂತೆ ನೋಡಿಕೊಳ್ಳುವ ಟರ್ಟ್ ಜೀನಿನ ಸ್ವಿಚ್ಚು. ಚರ್ಮದ ಒಳಕ್ಕೆ ನುಗ್ಗುವ ಹಂತದಲ್ಲಿ, ವಿಭಜನೆಗೆ ತಡೆ ಹಾಕುವ ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿಗಳ ನಾಶ. ಮ್ಯುಟೇಶನ್ ಒಂದನ್ನೇ ಹಿಡಿದು ಮುಂದಾಗುವುದನ್ನು ಹೇಳಲಾಗದು, ಯಾವುದು ಯಾವುದರ ಜೊತೆ ಸೇರಿತು ಎಂಬುದು ಮುಖ್ಯ ಎಂದು ಇದು ಕಲಿಸಿತು. ರೋಗವನ್ನು ಗುರುತಿಸುವಲ್ಲಿ, ಸಂಶಯದ ಮಚ್ಚೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವಲ್ಲಿ, ಈ ತಿಳಿವಳಿಕೆಗೆ ನಿಜವಾದ ಬೆಲೆ ಇದೆ.

ರೋಗದ ಗತಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಪುರಾವೆ ಬಂದದ್ದು ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯಿಂದ. 2015ರಲ್ಲಿ ಪ್ರಕಟವಾದ ಅದರ ವರದಿ 331 ರೋಗಿಗಳ 333 ಗಡ್ಡೆಗಳನ್ನು ಆಧರಿಸಿ ಚರ್ಮದ ಮೆಲನೋಮವನ್ನು ನಾಲ್ಕು ಕುಲಗಳಾಗಿ ಬೇರ್ಪಡಿಸಿತು: ಬಿ-ರ್ಯಾಫ್ ಕೆಟ್ಟವು, ರ್ಯಾಸ್ ಕೆಟ್ಟವು, ಎನ್‌ಎಫ್-1 ಕೆಟ್ಟವು, ಈ ಮೂರೂ ಸರಿಯಿದ್ದವು. ವಿಂಗಡಣೆ ಅಚ್ಚುಕಟ್ಟಾಗಿತ್ತು. ಆದರೆ ಯಾವ ಕುಲದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ನೋಡಿದರೆ ಕುಲಗಳ ನಡುವೆ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಗಡ್ಡೆಯೊಳಗೆ ರೋಗನಿರೋಧಕ ಕೋಶಗಳ ಜೀನುಗಳು ಎಷ್ಟು ಸಕ್ರಿಯವಾಗಿವೆ, ಲಿಂಫೊಸೈಟ್‌ಗಳು ಎಷ್ಟು ಒಳಹೊಕ್ಕಿವೆ ಎಂದು ನೋಡಿದಾಗ, ಹೆಚ್ಚು ಒಳಹೊಕ್ಕ ಗಡ್ಡೆಗಳ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಗಡ್ಡೆಯನ್ನು ಓದಲು ಹೋದವರಿಗೆ ಉತ್ತರ ಸಿಕ್ಕಿದ್ದು ಗಡ್ಡೆಯೊಳಗೆ ಹೊಕ್ಕಿದ್ದ ರೋಗಿಯ ಸ್ವಂತ ಕೋಶಗಳಲ್ಲಿ. ಬಿತ್ತಿದ ಬೀಜ ಒಂದೇ ಆದರೂ ಬೆಳೆ ಹೊಲದ ಮೇಲೆ ನಿಂತಿದೆ ಎಂದು 1889ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಕ್ಯಾನ್ಸರ್ ಹರಡುವಿಕೆಯ ಬಗ್ಗೆ ಹೇಳಿದ್ದಕ್ಕೆ ಜೀನೋಮ್ ಯುಗ ಒದಗಿಸಿದ ಪುರಾವೆ ಇದು ಎನ್ನಬಹುದು.

ರೋಗನಿರೋಧಕ ವ್ಯವಸ್ಥೆಯ ಕಟ್ಟು ಬಿಚ್ಚುವ ಔಷಧಗಳು, ಅಂದರೆ ಇಮ್ಯುನೊಥೆರಪಿ, ಬಂದ ಮೇಲೆ ಈ ಮಾತು ಇನ್ನಷ್ಟು ಗಟ್ಟಿಯಾಯಿತು. ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಪಡೆದ, ರೋಗ ಮುಂದುವರಿದಿದ್ದ ರೋಗಿಗಳಲ್ಲಿ ಶೇ 43ರಷ್ಟು ಮಂದಿ ಹತ್ತು ವರ್ಷದ ನಂತರ ಬದುಕಿದ್ದರು ಎಂದು 2024ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ. ಈ ಶೇ 43 ಯಾರು, ಉಳಿದ ಶೇ 57 ಯಾರು ಎಂದು ಮೊದಲೇ ತಿಳಿಯುವುದು ಹೇಗೆ? ಮ್ಯುಟೇಶನ್‌ಗಳು ಹೆಚ್ಚಾದಷ್ಟೂ ಗಡ್ಡೆ ದೇಹಕ್ಕೆ ಪರಕೀಯವಾಗಿ ಕಾಣುತ್ತದೆ, ಔಷಧ ಹೆಚ್ಚು ಕೆಲಸ ಮಾಡುತ್ತದೆ ಎಂಬ ಊಹೆಗೆ 2014ರ ಒಂದು ಅಧ್ಯಯನ ಬೆಂಬಲ ಕೊಟ್ಟಿತು. ಮ್ಯುಟೇಶನ್‌ಗಳ ಎಣಿಕೆಯೊಂದೇ ಸಾಲದು ಎಂದೂ ಅದೇ ಅಧ್ಯಯನ ಹೇಳಿತ್ತು. 2019ರಲ್ಲಿ 144 ರೋಗಿಗಳ ಗಡ್ಡೆಗಳನ್ನು ಓದಿದ ತಂಡ, ಆ ಸಂಬಂಧದ ಹೆಚ್ಚಿನ ಭಾಗ ಮೆಲನೋಮದ ಬಗೆಗಳ ನಡುವಿನ ವ್ಯತ್ಯಾಸದ ನೆರಳು ಎಂದು ತೋರಿಸಿತು: ಬಿಸಿಲಿನಿಂದ ಬಂದ ಮೆಲನೋಮಗಳಲ್ಲಿ ಮ್ಯುಟೇಶನ್ ಹೆಚ್ಚು, ಔಷಧಕ್ಕೆ ಸ್ಪಂದನೆಯೂ ಹೆಚ್ಚು, ಅಂಗಾಲು ಮತ್ತು ಲೋಳೆಪೊರೆಯ ಮೆಲನೋಮಗಳಲ್ಲಿ ಎರಡೂ ಕಡಿಮೆ. ಬಿ-ರ್ಯಾಫ್ ದೋಷವಿರುವ ರೋಗಿಗೆ ಅದನ್ನೇ ಗುರಿಮಾಡುವ ಮಾತ್ರೆ ಮೊದಲೋ, ಇಮ್ಯುನೊಥೆರಪಿ ಮೊದಲೋ ಎಂದು ನೇರವಾಗಿ ಹೋಲಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ ಇನ್ನೂ ಪಾಠಪ್ರಾಯ. ಇಮ್ಯುನೊಥೆರಪಿ ಮೊದಲು ಪಡೆದವರಲ್ಲಿ ಎರಡು ವರ್ಷ ಬದುಕಿದವರು ಶೇ 71.8, ಮಾತ್ರೆ ಮೊದಲು ಪಡೆದವರಲ್ಲಿ ಶೇ 51.5. ಜೀನಿನಲ್ಲಿ ಗುರಿ ಕಂಡಿತೆಂದು ಅದರತ್ತಲೇ ಮೊದಲ ಬಾಣ ಬಿಡಬೇಕಿಲ್ಲ ಎಂಬುದು ಪ್ರಯೋಗದಿಂದ ಗೊತ್ತಾಯಿತು, ಸೀಕ್ವೆನ್ಸಿನಿಂದಲ್ಲ.

ಈಗ ಆ ಮುಖ್ಯ ಅಪವಾದಕ್ಕೆ ಬರೋಣ, ಯಾಕೆಂದರೆ ನನ್ನ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪವೂ ಅದೇ. ಕಣ್ಣಿನ ಒಳಪದರದ ಮೆಲನೊಸೈಟ್‌ಗಳಲ್ಲಿ ಹುಟ್ಟುವ ಮೆಲನೋಮದಲ್ಲಿ ಜೀನ್ ಪರೀಕ್ಷೆ ರೋಗದ ಗತಿಯನ್ನು ಬೆರಗಾಗುವಷ್ಟು ಚೆನ್ನಾಗಿ ಹೇಳುತ್ತದೆ. ವಿಲಿಯಂ ಹಾರ್ಬರ್ ಮತ್ತು ಸಂಗಡಿಗರು 15 ಜೀನುಗಳ ಚಟುವಟಿಕೆಯನ್ನು ಅಳೆದು ಈ ಗಡ್ಡೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. 12 ಕೇಂದ್ರಗಳಲ್ಲಿ ರೋಗಿಗಳನ್ನು ಮುಂದಕ್ಕೆ ಹಿಂಬಾಲಿಸಿ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವರ್ಗದ 276 ಜನರಲ್ಲಿ ರೋಗ ಹರಡಿದ್ದು ಮೂವರಿಗೆ. ಎರಡನೇ ವರ್ಗದ 170 ಜನರಲ್ಲಿ 44 ಮಂದಿಗೆ. 2010ರಲ್ಲಿ ಅದೇ ತಂಡ, ಹರಡುವ ಸ್ವಭಾವದ 31 ಗಡ್ಡೆಗಳಲ್ಲಿ 26ರಲ್ಲಿ ಬ್ಯಾಪ್-1 ಎಂಬ ಜೀನು ಹಾಳಾಗಿರುವುದನ್ನು ಕಂಡಿತ್ತು. ಚರ್ಮದಲ್ಲಿ ಸೋತದ್ದು ಕಣ್ಣಿನಲ್ಲಿ ಯಾಕೆ ಗೆದ್ದಿತು? ಕಣ್ಣಿನ ಮೆಲನೋಮದಲ್ಲಿ ಬಿಸಿಲಿನ ಸಾವಿರಾರು ಗೀಚುಗಳಿಲ್ಲ. ಮ್ಯುಟೇಶನ್‌ಗಳು ಬೆರಳೆಣಿಕೆಯವು, ದಾರಿಗಳು ಎರಡು-ಮೂರು ಮಾತ್ರ. ಗಡ್ಡೆಯ ಒಳಗಿನ ದೋಷವೇ ಗತಿಯನ್ನು ನಿರ್ಧರಿಸುವ ಕಡೆ ಒಳಗಿನ ಓದು ಸಾಕಾಗುತ್ತದೆ.

ಆದರೆ ಇದೇ ಅಪವಾದ ನನ್ನ ಎರಡನೇ ಮಾತನ್ನು, ಅಂದರೆ ನಿರ್ಧಾರವೇ ಮುಖ್ಯ ಎಂಬುದನ್ನು, ಬಲಪಡಿಸುತ್ತದೆ. ಎರಡನೇ ವರ್ಗ ಎಂಬ ಚೀಟಿ ಹಿಡಿದ ರೋಗಿಗೆ ರೋಗ ಯಕೃತ್ತಿಗೆ ಹರಡದಂತೆ ತಡೆಯುವ, ಪ್ರಯೋಗದಲ್ಲಿ ಸಾಬೀತಾದ ಔಷಧವನ್ನು ಈ ಪರೀಕ್ಷೆ ಬಂದ ಎಷ್ಟೋ ವರ್ಷಗಳವರೆಗೆ ಯಾರೂ ಕೊಡಲಾಗಲಿಲ್ಲ. ಕೊಡಲಾದದ್ದು ಹೆಚ್ಚು ಸಲ ಸ್ಕ್ಯಾನ್. ಹರಡಿದ ರೋಗಕ್ಕೆ ಆಯುಷ್ಯ ಹೆಚ್ಚಿಸುವ ಟೆಬೆಂಟಾಫುಸ್ಪ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2022ರ ಜನವರಿಯಲ್ಲಿ. ಪ್ರಯೋಗದಲ್ಲಿ ಅದನ್ನು ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ 73, ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇ 59. ಅದು ಯಾರಿಗೆ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಗಡ್ಡೆಯ ಮ್ಯುಟೇಶನ್ ಅಲ್ಲ. ರೋಗಿ ಹುಟ್ಟಿನಿಂದ ತಂದೆತಾಯಿಯಿಂದ ಪಡೆದ ಎಚ್‌ಎಲ್‌ಎ-ಎ*02:01 ಎಂಬ ರೋಗನಿರೋಧಕ ಜೀನಿನ ಬಗೆ. ಭವಿಷ್ಯವನ್ನು ಕರಾರುವಾಕ್ಕಾಗಿ ಹೇಳಿದ ಪರೀಕ್ಷೆಯಿಂದ ಚಿಕಿತ್ಸೆ ಹುಟ್ಟಲಿಲ್ಲ, ಚಿಕಿತ್ಸೆಯನ್ನು ಆರಿಸಲು ಬೇಕಾದ ಪರೀಕ್ಷೆ ಬೇರೆಯದೇ ಆಯಿತು.

ಕಣ್ಣಿನಲ್ಲಿ ಆದದ್ದನ್ನು ಚರ್ಮದಲ್ಲೂ ಮಾಡುವ ಪ್ರಯತ್ನಗಳು ನಡೆದಿವೆ. 31 ಜೀನುಗಳ ಚಟುವಟಿಕೆ ಅಳೆದು, ಆರಂಭದ ಹಂತದ ಚರ್ಮದ ಮೆಲನೋಮ ಮರಳುತ್ತದೆಯೆ ಎಂದು ಹೇಳುವ ಪರೀಕ್ಷೆ ಅಮೆರಿಕದಲ್ಲಿ ವರ್ಷಗಳಿಂದ ಮಾರುಕಟ್ಟೆಯಲ್ಲಿದೆ. ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಮಾಡಿದ ವಿಶ್ಲೇಷಣೆ ಕಂಡದ್ದು ಹೀಗೆ: ಮೊದಲ ಹಂತದವರಲ್ಲಿ ರೋಗ ಮರಳಿದವರ ಪೈಕಿ ಶೇ 29 ಮಂದಿಯನ್ನು ಮಾತ್ರ ಪರೀಕ್ಷೆ ಮೊದಲೇ ಸರಿಯಾಗಿ ಗುರುತಿಸಿತ್ತು, ಮರಳದೆ ಉಳಿದವರಲ್ಲಿ ಶೇ 90 ಮಂದಿಯನ್ನು ಸರಿಯಾಗಿ ಗುರುತಿಸಿತ್ತು. ಇದರ ಅರ್ಥ ತಿಳಿಯಲು ಒಂದು ಲೆಕ್ಕ ಹಾಕೋಣ. ಮೊದಲ ಹಂತದ ಸಾವಿರ ಜನರಲ್ಲಿ 50 ಮಂದಿಗೆ ರೋಗ ಮರಳುತ್ತದೆ ಎಂದುಕೊಳ್ಳೋಣ. ಪರೀಕ್ಷೆ ಅವರಲ್ಲಿ 14–15 ಮಂದಿಯನ್ನು ಹಿಡಿಯುತ್ತದೆ, ಸುಮಾರು 35 ಮಂದಿಗೆ ‘ಭಯವಿಲ್ಲ’ ಎನ್ನುತ್ತದೆ. ಮರಳದ 950 ಮಂದಿಯಲ್ಲಿ 95 ಜನರಿಗೆ ‘ಅಪಾಯವಿದೆ’ ಎನ್ನುತ್ತದೆ. ಅಪಾಯವಿದೆ ಎನ್ನಿಸಿಕೊಂಡ ಸುಮಾರು 110 ಜನರಲ್ಲಿ ನಿಜವಾಗಿ ಅಪಾಯದಲ್ಲಿರುವವರು ಏಳರಲ್ಲಿ ಒಬ್ಬರಷ್ಟೇ. ರೋಗ ಮರಳುವುದೇ ಅಪರೂಪವಾದ ಗುಂಪಿನಲ್ಲಿ ಸಾಮಾನ್ಯ ನಿಖರತೆಯ ಯಾವ ಪರೀಕ್ಷೆಯೂ ಈ ಅಂಕಗಣಿತದಿಂದ ತಪ್ಪಿಸಿಕೊಳ್ಳಲಾರದು. ಅಮೆರಿಕದ ಮೆಲನೋಮ ತಜ್ಞರ ಒಂದು ಕಾರ್ಯತಂಡ ಇಂಥ ಪರೀಕ್ಷೆಗಳನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸುವುದು ಬೇಡ ಎಂದು ಅದೇ ವರ್ಷ ಸಲಹೆ ಕೊಟ್ಟದ್ದು ಸರಿಯಾಗಿಯೇ ಇತ್ತು.

‘ಇದು ಆರಂಭ ಮಾತ್ರ, ದತ್ತಾಂಶ ಹೆಚ್ಚಲಿ, ಕೃತಕ ಬುದ್ಧಿಮತ್ತೆ ಸೇರಲಿ, ಮುಂಗಾಣ್ಕೆ ತಾನಾಗಿ ನಿಖರವಾಗುತ್ತದೆ’ ಎಂಬ ವಾದ ಸಾಮಾನ್ಯ. ಅದರಲ್ಲಿ ಸತ್ಯಾಂಶವಿದೆ, ಆದರೆ ಒಂದು ಮಿತಿಯೂ ಇದೆ. ಗಡ್ಡೆ ತೆಗೆದ ದಿನದ ಒಂದು ತುಣುಕನ್ನು ಎಷ್ಟೇ ಆಳವಾಗಿ ಓದಿದರೂ ಆ ದಿನದವರೆಗಿನ ಚರಿತ್ರೆ ಮಾತ್ರ ಅದರಲ್ಲಿದೆ. ಔಷಧದ ಒತ್ತಡದಲ್ಲಿ ಮುಂದೆ ಹುಟ್ಟುವ ಮ್ಯುಟೇಶನ್ ಅಲ್ಲಿರುವುದಿಲ್ಲ. 2016ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು, ಇಮ್ಯುನೊಥೆರಪಿಗೆ ಚೆನ್ನಾಗಿ ಸ್ಪಂದಿಸಿ ಬಹಳ ಕಾಲದ ನಂತರ ರೋಗ ಮರುಕಳಿಸಿದ ನಾಲ್ವರ ಗಡ್ಡೆಗಳನ್ನು ಓದಿದಾಗ, ಕೆಲವರಲ್ಲಿ ಜ್ಯಾಕ್-1, ಜ್ಯಾಕ್-2, ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಜೀನುಗಳಲ್ಲಿ ಹೊಸ ದೋಷಗಳು ಕಂಡವು; ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳಲು ಗಡ್ಡೆ ಕಂಡುಕೊಂಡ ದಾರಿಗಳು ಅವು. ಆದುದರಿಂದ ಒಮ್ಮೆ ಓದಿ ಭವಿಷ್ಯ ಹೇಳುವುದಕ್ಕಿಂತ ಮತ್ತೆ ಮತ್ತೆ ಓದಿ ಗಮನಿಸುವುದು ಹೆಚ್ಚು ಫಲಕಾರಿ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರುಗಳನ್ನು ಅಳೆಯುವ ವಿಧಾನ ಈ ಕಾರಣಕ್ಕೆ ಭರವಸೆ ಹುಟ್ಟಿಸುತ್ತದೆ. ಡಬ್ರಾಫೆನಿಬ್-ಟ್ರಾಮೆಟಿನಿಬ್ ಪ್ರಯೋಗದ ರಕ್ತಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಯ ನಾಲ್ಕನೇ ವಾರಕ್ಕೆ ಆ ಚೂರುಗಳು ರಕ್ತದಿಂದ ಮಾಯವಾದವರು ಹೆಚ್ಚು ಕಾಲ ಬದುಕಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇಮ್ಯುನೊಥೆರಪಿ ಕೊಟ್ಟು ಗಡ್ಡೆ ಎಷ್ಟು ಕರಗಿತೆಂದು ನೋಡಿ ಮುಂದಿನ ಚಿಕಿತ್ಸೆ ನಿರ್ಧರಿಸಿದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದವರೆಗೆ ತೊಂದರೆಯಿಲ್ಲದೆ ಇದ್ದವರು ಶೇ 83.7, ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ 57.2. ದೇಹ ಹೇಗೆ ಸ್ಪಂದಿಸಿತು ಎಂಬುದೇ ಅಲ್ಲಿ ಮುಂದಿನ ದಾರಿ ತೋರಿಸಿತು. ಸೀಕ್ವೆನ್ಸಿಂಗ್‌ನ ಅತಿ ಉಜ್ವಲ ಹೊಸ ಉಪಯೋಗವೂ ಭವಿಷ್ಯ ಹೇಳುವುದಕ್ಕೆ ಸಂಬಂಧಿಸಿದ್ದಲ್ಲ. ಪ್ರತಿ ರೋಗಿಯ ಗಡ್ಡೆಯನ್ನು ಓದಿ, ಅದರಲ್ಲಿನ ಗರಿಷ್ಠ 34 ಪರಕೀಯ ಗುರುತುಗಳನ್ನು ಆರಿಸಿ, ಅವನಿಗಾಗಿಯೇ ತಯಾರಿಸುವ ಎಂಆರ್‌ಎನ್‌ಎ ಲಸಿಕೆಯನ್ನು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧದ ಜೊತೆ ಕೊಟ್ಟಾಗ, 157 ಜನರ ಪ್ರಯೋಗದಲ್ಲಿ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ 44ರಷ್ಟು ತಗ್ಗಿತು. ದೊಡ್ಡ ಪ್ರಯೋಗದಲ್ಲೂ ಇದು ನಿಂತರೆ, ಓದಿದ ಜೀನೋಮ್ ನೇರವಾಗಿ ಔಷಧವೇ ಆದಂತೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. ಚಿಕಿತ್ಸೆ ಬದಲಾಗದಿದ್ದರೇನು, ಮುಂದೇನೆಂದು ತಿಳಿಯುವುದು ರೋಗಿಯ ಹಕ್ಕಲ್ಲವೆ? ಮಕ್ಕಳ ಓದು, ಮನೆಯ ಸಾಲ, ಕೆಲಸ ಬಿಡುವ ಅಥವಾ ಮುಂದುವರಿಸುವ ತೀರ್ಮಾನ, ಇವೆಲ್ಲ ಆ ಅರಿವಿನ ಮೇಲೆ ನಿಂತಿರುತ್ತವೆ. ಈ ಮಾತಿನ ತೂಕವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬದುಕಿನ ನಿರ್ಧಾರಗಳೂ ನಿರ್ಧಾರಗಳೇ. ಕಣ್ಣಿನ ಮೆಲನೋಮದ ರೋಗಿ ತಿಳಿಯಬಯಸಿದರೆ ಆ ಪರೀಕ್ಷೆಯನ್ನು ನಿರಾಕರಿಸಲು ವೈದ್ಯರಿಗೆ ಕಾರಣವಿಲ್ಲ, ಯಾಕೆಂದರೆ ಆ ಉತ್ತರ ನಂಬಲರ್ಹ. ಆದರೆ ತಿಳಿಯುವ ಹಕ್ಕು ಎಂದರೆ ನಿಜವನ್ನು ತಿಳಿಯುವ ಹಕ್ಕು. ಏಳರಲ್ಲಿ ಆರು ಸಲ ಸುಳ್ಳು ಭಯ ಹುಟ್ಟಿಸುವ, ಅಪಾಯದಲ್ಲಿರುವ ಹೆಚ್ಚಿನವರಿಗೆ ಸುಳ್ಳು ಸಮಾಧಾನ ಕೊಡುವ ಫಲಿತಾಂಶ ಆ ಹಕ್ಕನ್ನು ಪೂರೈಸುವುದಿಲ್ಲ. ಅಮೆರಿಕದಲ್ಲಿ ನಾಲ್ಕು ದಶಕಗಳಲ್ಲಿ ಮೆಲನೋಮ ಪತ್ತೆ ಆರು ಪಟ್ಟು ಏರಿದರೂ ಅದರಿಂದಾಗುವ ಸಾವಿನ ಪ್ರಮಾಣ ಬಹುಕಾಲ ಹಾಗೇ ಇತ್ತು ಎಂದು 2021ರ ವಿಶ್ಲೇಷಣೆಯೊಂದು ತೋರಿಸಿದೆ. ಎಂದೂ ಕೊಲ್ಲದ ಗಡ್ಡೆಗಳಿಗೆ ಕ್ಯಾನ್ಸರ್ ಎಂಬ ಹೆಸರು ಅಂಟಿಸಿ ಸಾವಿರಾರು ಜನರನ್ನು ರೋಗಿಗಳನ್ನಾಗಿ ಮಾಡಿದ ಸಮಾಜ, ಅವರಿಗೆ ಜೀನಿನ ಹೆಸರಿನಲ್ಲಿ ಇನ್ನೊಂದು ಹಣೆಪಟ್ಟಿ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಈ ಚರ್ಚೆಯಲ್ಲಿ ಭಾರತೀಯರಿಗೆ, ಅದರಲ್ಲೂ ದಕ್ಷಿಣದವರಿಗೆ, ಒಂದು ಬೇರೆಯೇ ಕಾಳಜಿ ಇದೆ. ನಮ್ಮಲ್ಲಿ ಮೆಲನೋಮ ಅಪರೂಪ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ. ಗಾಢ ಬಣ್ಣದ ಚರ್ಮ ಬಿಸಿಲಿನಿಂದ ಕಾಯುತ್ತದೆ. ಬಂದಾಗ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ತಾಗದ ಕಡೆ: ಅಂಗಾಲು, ಅಂಗೈ, ಉಗುರಿನ ಬುಡ, ಬಾಯಿಯ ಅಥವಾ ಗುದದ್ವಾರದ ಲೋಳೆಪೊರೆ. ಈ ಬಗೆಯ ಮೆಲನೋಮದ ಜೀನೋಮ್ ಬೇರೆಯದೇ. 183 ಮೆಲನೋಮಗಳ ಇಡೀ ಜೀನೋಮ್ ಓದಿ 2017ರಲ್ಲಿ ಪ್ರಕಟಿಸಿದ ಆಸ್ಟ್ರೇಲಿಯನ್ನರ ನೇತೃತ್ವದ ಅಧ್ಯಯನ, ಇವುಗಳಲ್ಲಿ ಅಕ್ಷರ ಬದಲಾವಣೆಗಳಿಗಿಂತ ವರ್ಣತಂತುಗಳ ದೊಡ್ಡ ತುಂಡುಗಳು ಮುರಿದು ಜೋಡಣೆ ತಪ್ಪಿರುವುದೇ ಹೆಚ್ಚು ಎಂದು ತೋರಿಸಿತು. ಬಿ-ರ್ಯಾಫ್ ದೋಷ ಕಡಿಮೆ, ಇಮ್ಯುನೊಥೆರಪಿಗೆ ಸ್ಪಂದನೆಯೂ ಕಡಿಮೆ. ಕ್ಯಾನ್ಸರ್ ಜೀನೋಮ್ ಅಟ್ಲಾಸಿನ ಮೆಲನೋಮ ರೋಗಿಗಳಾದರೋ ಬಹುತೇಕ ಬಿಳಿ ಚರ್ಮದವರು. ಅವರ ಗಡ್ಡೆಗಳಿಂದ ಕಲಿತ ಮುಂಗಾಣ್ಕೆಯ ಸೂತ್ರವನ್ನು ರಾಯಚೂರಿನ ರೈತನ ಅಂಗಾಲಿನ ಗಡ್ಡೆಗೆ ಹಚ್ಚುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಿದೆ. ಎಚ್‌ಎಲ್‌ಎಯಂಥ ಹುಟ್ಟಿನ ಜೀನುಗಳ ಬಗೆ ತಿಳಿಯಲು ಅದು ಬಹಳ ಉಪಯುಕ್ತ. ಅದು ಓದಿದ್ದು ಜನರನ್ನು, ಗಡ್ಡೆಗಳನ್ನಲ್ಲ. ನಮ್ಮ ಅಂಗಾಲಿನ ಮೆಲನೋಮವನ್ನು ಬೇರೆಯವರು ನಮಗಾಗಿ ಓದಿಕೊಡುವುದಿಲ್ಲ.

ಇಷ್ಟು ಅಪರೂಪದ ರೋಗಕ್ಕೆ ಇಷ್ಟು ದುಬಾರಿ ವಿಧಾನ ನಮಗೇಕೆ ಎಂದು ಕೇಳಬಹುದು. ಕೇಳಬೇಕಾದದ್ದೇ. ಅಂಗಾಲಿನಲ್ಲಿ ಹೊಸದಾಗಿ ಹುಟ್ಟಿದ, ಅಂಚು ಹರಡುತ್ತಿರುವ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ್ದೆಂದೋ ಆಣಿಯೆಂದೋ ಕಡೆಗಣಿಸದೆ ತೋರಿಸಿಕೊಳ್ಳುವುದು ಯಾವ ಸೀಕ್ವೆನ್ಸಿಂಗ್ ಯಂತ್ರಕ್ಕಿಂತಲೂ ಹೆಚ್ಚು ಜೀವ ಉಳಿಸುತ್ತದೆ. ಆ ಕಲೆಯನ್ನು ನೋಡಿ ಬಯಾಪ್ಸಿಗೆ ಕಳುಹಿಸುವ ಅರಿವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಇರಬೇಕು. ಆದರೆ ರೋಗ ಹರಡಿದ ಮೇಲೆ ಕೆಲವೇ ಜೀನುಗಳ ಸೀಮಿತ ಪರೀಕ್ಷೆ ನಮ್ಮಲ್ಲೂ ಬೆಲೆ ತರುತ್ತದೆ. ಅಂಗಾಲಿನ ಮತ್ತು ಲೋಳೆಪೊರೆಯ ಮೆಲನೋಮಗಳಲ್ಲಿ ಕಿಟ್ ಎಂಬ ಜೀನು ಕೆಡುವುದುಂಟು ಎಂದು 2006ರಲ್ಲಿ ಬಾಸ್ಟಿಯನ್ ತಂಡ ತೋರಿಸಿತು. ಅಂಥವರಲ್ಲಿ ಕೆಲವರಿಗೆ ಇಮ್ಯಾಟಿನಿಬ್ ಮಾತ್ರೆ ಕೆಲಸ ಮಾಡುತ್ತದೆ ಎಂದು ಅಮೆರಿಕ ಮತ್ತು ಚೀನಾದ ಪ್ರಯೋಗಗಳು 2011ರಲ್ಲಿ ಹೇಳಿದವು. 2013ರಲ್ಲಿ ಸುಪ್ರೀಂ ಕೋರ್ಟು ಪೇಟೆಂಟ್ ನಿರಾಕರಿಸಿದ್ದರಿಂದ ಭಾರತದಲ್ಲಿ ಅಗ್ಗವಾಗಿಯೇ ಉಳಿದ ಔಷಧ ಅದು. ದುಬಾರಿ ಇಮ್ಯುನೊಥೆರಪಿ ಕೈಗೆಟುಕದ ರೋಗಿಗೆ ಆ ಒಂದು ಪರೀಕ್ಷೆ ತಿಂಗಳುಗಳನ್ನು, ಕೆಲವೊಮ್ಮೆ ವರ್ಷಗಳನ್ನು ಕೊಡಬಲ್ಲದು. ಇಮ್ಯುನೊಥೆರಪಿಯನ್ನೂ ಎಟುಕುವಂತೆ ಮಾಡಬಹುದು ಎಂಬುದಕ್ಕೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಬೇರೊಂದು ಕ್ಯಾನ್ಸರಿನಲ್ಲಿ ದಾರಿ ತೋರಿಸಿದೆ: ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ತೀರಾ ಸಣ್ಣ ಪ್ರಮಾಣದ ನಿವೊಲುಮ್ಯಾಬ್ ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇ 16.3ರಿಂದ 43.4ಕ್ಕೆ ಏರಿದರು. ಮೆಲನೋಮದಲ್ಲೂ ಇಂಥ ಪ್ರಯೋಗ ನಮ್ಮಲ್ಲೇ ನಡೆಯಬೇಕು.

ಇಲ್ಲಿಯವರೆಗಿನ ಪುರಾವೆಯನ್ನು ಒಟ್ಟಾಗಿ ತೂಗಿದರೆ ಕೈಗೊಳ್ಳಬೇಕಾದ ಕ್ರಮಗಳು ಸ್ಪಷ್ಟವಾಗಿವೆ. ಹರಡಿದ ಅಥವಾ ಹರಡುವ ಅಪಾಯ ಹೆಚ್ಚಿರುವ ಪ್ರತಿ ಮೆಲನೋಮಕ್ಕೂ ಬಿ-ರ್ಯಾಫ್ ಪರೀಕ್ಷೆ ಆಗಬೇಕು. ಅಂಗಾಲು, ಉಗುರು, ಲೋಳೆಪೊರೆಯದ್ದಾದರೆ ಕಿಟ್ ಜೀನಿನದ್ದೂ ಆಗಬೇಕು. ಇವು ಔಷಧದ ಆಯ್ಕೆಯನ್ನು ಬದಲಿಸುತ್ತವೆ. ಕಣ್ಣಿನ ಮೆಲನೋಮದಲ್ಲಿ ರೋಗಿ ಬಯಸಿದರೆ, ಫಲಿತಾಂಶದ ಅರ್ಥವನ್ನು ಬಿಡಿಸಿ ಹೇಳಿ, ವರ್ಗ ನಿರ್ಧರಿಸುವ ಪರೀಕ್ಷೆ ಮಾಡಬೇಕು. ಆರಂಭದ ಹಂತದ ಚರ್ಮದ ಮೆಲನೋಮಕ್ಕೆ ಭವಿಷ್ಯ ಹೇಳುತ್ತೇವೆಂದು ಬರುವ ಪರೀಕ್ಷೆಗಳಿಗೆ, ಅವು ಚಿಕಿತ್ಸೆಯನ್ನು ಬದಲಿಸಿ ಆಯುಷ್ಯ ಹೆಚ್ಚಿಸಿದವು ಎಂದು ಪ್ರಯೋಗದಲ್ಲಿ ತೋರಿಸುವ ತನಕ, ರೋಗಿಯ ಹಣವನ್ನೂ ಸರ್ಕಾರದ ಹಣವನ್ನೂ ವ್ಯಯಿಸಬಾರದು. ನಮ್ಮ ಆಸ್ಪತ್ರೆಗಳಲ್ಲಿ ತೆಗೆಯುವ ಅಂಗಾಲಿನ ಮೆಲನೋಮಗಳು ಪ್ರಯೋಗಾಲಯದ ಕಪಾಟಿನಲ್ಲಿ ಮೇಣದ ಅಚ್ಚುಗಳಾಗಿ ಉಳಿದುಬಿಡದೆ, ರೋಗಿಯ ಒಪ್ಪಿಗೆ ಪಡೆದು, ಚಿಕಿತ್ಸೆಯ ವಿವರ ಮತ್ತು ಅವನ ಮುಂದಿನ ವರ್ಷಗಳ ದಾಖಲೆಯೊಂದಿಗೆ ಸೀಕ್ವೆನ್ಸ್ ಆಗಬೇಕು. ರೋಗಿಗಳು ಕಡಿಮೆಯಾದ್ದರಿಂದ ಒಂದು ಆಸ್ಪತ್ರೆಯಿಂದ ಇದು ಆಗದು. ಬೆಂಗಳೂರು, ಮುಂಬಯಿ, ಚೆನ್ನೈ, ದೆಹಲಿಯ ಕೇಂದ್ರಗಳು ಕೈಜೋಡಿಸಬೇಕು. ಗಡ್ಡೆಯ ಜೊತೆಗೆ ಅದರೊಳಗಿನ ರೋಗನಿರೋಧಕ ಕೋಶಗಳನ್ನೂ ರೋಗಿಯ ಹುಟ್ಟಿನ ಜೀನುಗಳನ್ನೂ, ಒಮ್ಮೆ ಅಲ್ಲ, ಚಿಕಿತ್ಸೆಯ ಉದ್ದಕ್ಕೂ ಓದಿದಾಗ ಮಾತ್ರ ರೋಗದ ಗತಿ ಅರ್ಥವಾಗುತ್ತದೆ. ‘ಇದು ಮರಳಿ ಬರುತ್ತದೆಯೆ’ ಎಂದು ಕೇಳುವ ರೋಗಿಗೆ ಬೇಕಾದದ್ದು ಒಂದು ಶೇಕಡಾವಾರು ಸಂಖ್ಯೆಗಿಂತ ಹೆಚ್ಚಿನದು: ಬಂದರೆ ಏನು ಮಾಡಬಹುದು, ಬಾರದಿರಲು ಈಗ ಏನು ಮಾಡಬೇಕು ಎಂಬ ಉತ್ತರ. ಆ ಉತ್ತರಕ್ಕೆ ನೆರವಾಗುವ ಪರೀಕ್ಷೆ ಬಡ ರೋಗಿಗೂ ಸಿಗಬೇಕು. ನೆರವಾಗದ್ದನ್ನು ಸಿರಿವಂತನಿಗೂ ಮಾರಬಾರದು.